ಗದ್ದದ ಅಳತೆ

ಒಲೆಯಿಂದ ಬೆಚ್ಚಗೆ ಬರುತ್ತದೆ ಮಣ್ಣು ನನ್ನ ಕೈಗೆ,
ಬೆಲ್ಲದ ಬಣ್ಣ, ಗಂಧಕದ ಘಾಟು.
ಇಪ್ಪತ್ತಾರು ವರ್ಷದಿಂದ ಮೆತ್ತುತ್ತಿದ್ದೇನೆ,
ಮೆತ್ತಿದ್ದನ್ನು ಕೆರೆಯುತ್ತಿದ್ದೇನೆ.
ಸಾವೊ ಬೆರ್ನಾರ್ಡೊದ ಈ ಶೆಡ್ಡಿನಲ್ಲಿ
ಕಾರಿಗೆ ಮೊದಲು ಮೂಡುವುದು ಮುಖ;
ಎಂಜಿನ್ನು ಇನ್ನೂ ಯಾರದೋ ಕಾಗದದಲ್ಲಿ.
ದೀಪಗಳಿಗೆ ಹುಬ್ಬು ತೀಡುವುದು ಸುಲಭ,
ಯಾವ ಹುಬ್ಬೂ ರಸ್ತೆಯುಬ್ಬಿಗೆ ತಾಗುವುದಿಲ್ಲ.
ಗದ್ದ ತಾಗುತ್ತದೆ.

ಥಾಲಿಸ್ ಬಂದು ಮಂಡಿಯೂರಿ ಕೂತ,
ಮೂವತ್ತರ ಹುಡುಗ, ಕಲೆಯಿಲ್ಲದ ಬಿಳಿ ಶೂ.
ಒಂದು ಕಣ್ಣು ಮುಚ್ಚಿ ಅಂದ:
"ಡಾಲ್ವಾ, ಇನ್ನೂ ಕೆಳಗೆ.
ನೆಲದ ಕಿವಿಗೆ ಗುಟ್ಟು ಹೇಳುವಷ್ಟು.
ಹಕ್ಕಿಗೆ ಹೊಂಚುವ ಬೆಕ್ಕಿನ ಗದ್ದ
ಎಲ್ಲಿರುತ್ತದೋ ಅಲ್ಲಿ."

ಚೆಂದದ ಮಾತು. ಮೆತ್ತಿದೆ.
ಬೆಳ್ಳಿ ಹಾಳೆ ಹೊದಿಸಿ ನೋಡಿದರೆ
ನಿಜಕ್ಕೂ ಹೊಂಚುತ್ತಿತ್ತು;
ಕಸ ಗುಡಿಸುವ ಜುರಾಂಡಿರ್
ಪೊರಕೆಯನ್ನು ಒಂದು ಮಾರು ದೂರವೇ ಆಡಿಸಿದ.

ಮಧ್ಯಾಹ್ನ ಲೆಕ್ಕದ ನೆಯ್ಡೆ ಬಂದಳು,
ಕೈಯಲ್ಲಿ ಮರದ ಬೆಣೆ.
ಗದ್ದದಡಿಯಿಂದ ಚಕ್ರದತ್ತ ತೂರಿಸಿದಳು. ತೂರಲಿಲ್ಲ.
"ಹದಿನಾರು ಡಿಗ್ರಿ ಬೇಕು, ಹನ್ನೆರಡೂವರೆ ಇದೆ.
ಇದು ಹೊಂಚುತ್ತಿಲ್ಲ ಕಣೋ, ಮಲಗಿದೆ."
"ಉಬ್ಬು ಬಂದಾಗ ನಿಧಾನಿಸಲಿ," ಅಂದ ಥಾಲಿಸ್.
"ಯಾವ ಉಬ್ಬು?" ಅಂದೆ ನಾನು.
"ಸರ್ಕಾರದ್ದೋ, ನಮ್ಮದೋ?"

ನಮ್ಮದು ಯಾವ ನಕ್ಷೆಯಲ್ಲೂ ಇಲ್ಲ.
ಡಿಯಾಡೆಮಾದ ಇಳಿಜಾರು, ಬೇಕರಿಯೆದುರು,
ಎಂಬತ್ತೊಂಬತ್ತರ ಆಗಸ್ಟು.
ಚೆಂಡಿನ ಹಿಂದೆ ಓಡಿದ ವಾಂಡಿನ್ಯೊ.
ಕಾರು ನಿಲ್ಲಲಿಲ್ಲ.
ಹುಡುಗ ಉಳಿದ, ಕಾಲು ಉಳಿಯಲಿಲ್ಲ.
ಮೂರು ಅರ್ಜಿ ಕಾಗದದಲ್ಲಿ ಬರೆದರು,
ನಾಲ್ಕನೆಯದನ್ನು ಸಿಮೆಂಟಿನಲ್ಲಿ:
ಒಂದು ಶನಿವಾರ ರಾತ್ರಿ, ಅಪ್ಪ, ಬೇಕರಿಯ ಎವರಾಲ್ಡೊ,
ಸಲಿಕೆ ಹಿಡಿದ ಇಬ್ಬರು ಹೆಂಗಸರು.
ನಾನು ಟಾರ್ಚು ಹಿಡಿದಿದ್ದೆ.
ಅಪ್ಪ ಅಳತೆ ನೋಡಲಿಲ್ಲ.
ಸಿಟ್ಟು ಎಷ್ಟೆತ್ತರವೋ ಅಷ್ಟು.

ಅಂದು ಸಂಜೆ ಥಾಲಿಸ್‌ನ ಕಾರಿನಲ್ಲೇ ಹೋದೆವು.
ಗರ್‌ರ್ ಅಂತ ಕೆರೆಯಿತು.
ತನ್ನ ಚರ್ಮವೇ ಸುಲಿದಂತೆ ಹಲ್ಲು ಕಚ್ಚಿದ,
ಇಳಿದು ಬಗ್ಗಿ ನೋಡಿದ.
ಕಾರನ್ನಲ್ಲ, ಉಬ್ಬನ್ನು.
ಅದರ ನೆತ್ತಿಯ ತುಂಬ ಮೂರೂವರೆ ದಶಕದ ಬಣ್ಣ:
ಟ್ಯಾಕ್ಸಿಯ ಬಿಳಿ, ಹಾಲಿನ ವ್ಯಾನಿನ ಕೆನೆ,
ನಾನೇ ತಿದ್ದಿದ ಎರಡು ಮಾಡೆಲ್ಲುಗಳ ಕೆಂಪು.
ಆಂಬುಲೆನ್ಸಿನದೂ ಒಂದು ಗೀರಿದೆ.
ಆ ರಾತ್ರಿಯ ಮಾತನ್ನು ನಮ್ಮ ಬೀದಿಯಲ್ಲಿ
ಯಾರೂ ಎತ್ತುವುದಿಲ್ಲ.
"ಒಡೀತಾ?" ಬೇಕರಿಯೊಳಗಿಂದ
ವಾಂಡಿನ್ಯೊ ಕೂಗಿದ, ಅಭ್ಯಾಸಬಲದಿಂದ.
ಕಾಫಿಗೆ ದುಡ್ಡು ತಗೊಳ್ಳಲಿಲ್ಲ.

ಮರುದಿನ ಕೆರೆದೆ.
ಕೆಳಗಿನ ಅಂಚನ್ನು ಮೂವತ್ತೆಂಟು ಮಿಲಿಮೀಟರು ಮೇಲೆತ್ತಿ
ಒಂದು ಗೆರೆಯನ್ನು ಮಾತ್ರ ಕೆಳಕ್ಕೆ ಎಳೆದೆ,
ದೀಪದ ಮೂಲೆಯಿಂದ ಇಳಿದು ಗದ್ದದುದ್ದಕ್ಕೂ,
ಬೆಳಕು ಬಂದು ಕೂರಲು ಒಂದು ಜಗಲಿಯ ಹಾಗೆ.
ಬೆಳಕಿನ ಬೆನ್ನು ಹತ್ತಿ ಕಣ್ಣು ಇಳಿಯುತ್ತದೆ,
ಅಂಚು ಮೇಲೇ ಉಳಿದದ್ದು ಅದಕ್ಕೆ ತಿಳಿಯುವುದಿಲ್ಲ.
ಗೆರೆಯ ಕೆಳಗೆ ಬಣ್ಣ ಬಳಿಯದ ಕರಿ ಪ್ಲಾಸ್ಟಿಕ್ಕು;
ಗೀರು ಬಿದ್ದರೂ ಅದಕ್ಕೆ ಅವಮಾನವಿಲ್ಲ.

ಥಾಲಿಸ್ ಒಂದು ಕಣ್ಣು ಮುಚ್ಚಿದ, ಆಮೇಲೆ ಇನ್ನೊಂದು.
"ಬೆಕ್ಕೇ," ಅಂದ, "ಆದರೆ ಬೀದಿಯದು."
ನೆಯ್ಡೆಯ ಬೆಣೆ ತೂರಿತು, ಕೂದಲೆಳೆಯಷ್ಟು ಉಳಿದು.
ಯಾರೋ ಚಪ್ಪಾಳೆ ತಟ್ಟಿದರು.

ರಾತ್ರಿ ಬಸ್ಸಿನಲ್ಲಿ ಹೊಳೆಯಿತು:
ಕೆರೆಯದ ಕಾರು
ಯಾಕೆ ನಿಧಾನಿಸುತ್ತದೆ?
ನಮ್ಮ ಉಬ್ಬು ಬಂತು.
ಎಲ್ಲರ ತಲೆಯೂ ಒಮ್ಮೆ ತಗ್ಗಿ ಎದ್ದಿತು,
ನಿದ್ದೆಯಲ್ಲಿದ್ದವರದ್ದೂ.
ಬೇಕರಿಯ ದೀಪ ಇನ್ನೂ ಉರಿಯುತ್ತಿತ್ತು.
ಇಳಿದು ವಾಂಡಿನ್ಯೊನನ್ನು ಕೇಳಬೇಕು,
ಹಿಂದಿನ ಕೋಣೆಯಲ್ಲಿ ಹಿಟ್ಟಿನ ಮೂಟೆಗಳ ಮರೆಗೆ
ಒಂದಾದರೂ ಸಿಮೆಂಟಿನದಿದೆಯೇ ಎಂದು.